ವರ್ಷವರ್ಷ ಕಟ್ಟಿದ ಮನೆ

ಎಲ್ಲರಿಗೂ ನಮಸ್ಕಾರ.

ಕೊಪ್ಪಳ ಜಿಲ್ಲೆಯ ಇಟಗಿಯ ಮಹಾದೇವ ಗುಡಿಯನ್ನು ನೀವೆಲ್ಲ ನೋಡಿರುತ್ತೀರಿ. ಅದಕ್ಕೆ 1112ರ ಶಾಸನ ಇದೆ. ಕಟ್ಟಿಸಿದವನು ಮಹಾದೇವ ದಂಡನಾಯಕ ಅಂತ ಅದರಿಂದ ಗೊತ್ತಾಗುತ್ತದೆ. ನಾನು ಇವತ್ತು ಹೇಳುವ ಮನೆ ಅಲ್ಲಿಂದ ಬಹಳ ದೂರ ಏನಿಲ್ಲ. ಎರೆಸೀಮೆಯ, ಅಂದರೆ ಕಪ್ಪು ಮಣ್ಣಿನ ನಾಡಿನ, ಒಂದು ರೈತರ ಮನೆ, ಮನೆಯವರೇ ಕಟ್ಟಿಕೊಂಡದ್ದು. ಶಾಸನ ಇಲ್ಲ. ಯಾವಾಗ ಕಟ್ಟಿದ್ದು ಅಂತ ಯಜಮಾನರನ್ನು ಕೇಳಿದೆ. "ಯಾವ ಖೋಲಿದು ಕೇಳಾಕತ್ತೀರಿ?" ಅಂದರು.

ಆ ಮಾತಿಗೇ ನಾನು ಸಿಕ್ಕಿಬಿದ್ದೆ.

ತಲೆಬಾಗಿಲು ದಾಟಿದರೆ ಮೊದಲು ಸಿಗುವುದು ಎತ್ತುಗಳು. ಗೋದಲಿ, ಗೂಟ, ಕಣಿಕಿ. ಅಲ್ಲಿಂದ ಒಂದು ಮೆಟ್ಟಿಲು ಹತ್ತಿದರೆ ಪಡಸಾಲೆ, ಅಲ್ಲಿ ಮನುಷ್ಯರು. ದನ ತಗ್ಗಿನಲ್ಲಿ, ಜನ ಎತ್ತರದಲ್ಲಿ, ಸೂರು ಮಾತ್ರ ಒಂದೇ. ರಾತ್ರಿ ಎತ್ತು ಕೆಮ್ಮಿದರೂ ಯಜಮಾನನಿಗೆ ಎಚ್ಚರ. ಪೇಟೆಯವರು ಇದನ್ನು ಕೊಳಕು ಅನ್ನಬಹುದು. ಬಳ್ಳಾರಿ ಹತ್ತಿರ ಕುಡತಿನಿಯಲ್ಲಿ ದೊಡ್ಡ ಬೂದಿದಿಬ್ಬ ಇದೆ. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ದನ ಸಾಕಿದವರು ಸಗಣಿ ಸುಟ್ಟು ಆದ ದಿಬ್ಬ ಅದು. ಆ ಬೂದಿಯನ್ನು ಓದಲು ಪರದೇಶದಿಂದ ವಿದ್ವಾಂಸರು ಬಂದು ಹೋಗಿದ್ದಾರೆ. ನಮ್ಮ ಅಜ್ಜನ ಗೋದಲಿಗೆ ಮಾತ್ರ ಜೇಸಿಬಿ!

ಈಗ ಮಾಳಿಗೆಗೆ ಹತ್ತೋಣ. ಮೇಲ್ಮುದ್ದೆ ಮನೆ ಇದು, ಅಂದರೆ ಮಣ್ಣು ಹಾಕಿದ ಸಪಾಟು ಮಾಳಿಗೆಯ ಮನೆ. ಕಂಬದ ಮೇಲೆ ತೊಲೆ, ತೊಲೆ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆ ಚಕ್ಕೆ, ಸೊಪ್ಪು, ಕೊನೆಗೆ ಮಣ್ಣು. ಯಾವ ಮಣ್ಣು ಅನ್ನುವುದರಲ್ಲೇ ಎಲ್ಲ ಇದೆ. ಹೊಲದ ಎರೆಮಣ್ಣು ಹಾಕಿದರೆ ಬೇಸಿಗೆಯಲ್ಲಿ ಬಿರಿಯುತ್ತದೆ, ಮೊದಲ ಮಳೆಗೇ ಸೋರುತ್ತದೆ. ಅದಕ್ಕೆ ಏನೂ ಬೆಳೆಯದ ಕರಲು ಮಣ್ಣನ್ನು ಹುಡುಕಿ ತರುತ್ತಿದ್ದರು. ಅದರಲ್ಲಿ ಸೋಡಿಯಂ ಜಾಸ್ತಿ. ನೀರು ಬಿದ್ದ ಕೂಡಲೇ ಮಣ್ಣಿನ ಕಣ ಬಿಡಿಬಿಡಿಯಾಗಿ ಸಂದು ಮುಚ್ಚುತ್ತವೆ, ನೀರು ಕೆಳಗೆ ಇಳಿಯುವುದಿಲ್ಲ. ಬೆಳೆಗೆ ಶತ್ರುವಾದ ಗುಣವೇ ಮಾಳಿಗೆಗೆ ನೆಂಟ. ಆದರೆ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕಲೇಬೇಕು. ಎರಡು ವರ್ಷ ಬಿಟ್ಟರೆ ಜಂತಿ ಕೊಳೆಯುತ್ತದೆ.

ಅಂಗಳದಲ್ಲಿ ಹಗೇವು ಇದೆ, ಕಾಳು ಕೂಡಿಡಲು ನೆಲದಲ್ಲಿ ತೋಡಿದ ಗುಂಡಿ. ಬಾಯಿ ಕಿರಿದು, ಹೊಟ್ಟೆ ಅಗಲ. ಒಳಗೆ ಸುತ್ತಲೂ ಹುಲ್ಲು ಹೊದಿಸಿ, ಜೋಳ ತುಂಬಿ, ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಗಾಳಿಯನ್ನು ಕಾಳೇ ಉಸಿರಾಡಿ ಮುಗಿಸುತ್ತದೆ, ಹುಳ ಸಾಯುತ್ತವೆ. ಮನುಷ್ಯನೂ ಸಾಯಬಹುದು. ಹಾಗಾಗಿ ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಕಂದೀಲು ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವ ಹಾಗಿಲ್ಲ.

ಸಿಂಧನೂರು, ಗಂಗಾವತಿ ಕಡೆ ಹಗೇವು ಕೇಳಿದರೆ ಹುಡುಗರು ನಗುತ್ತಾರೆ. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಬಂತು, ಜೋಳದ ಹೊಲ ಭತ್ತದ ಗದ್ದೆ ಆಯಿತು. ಕಾಲುವೆ ಕೆಳಗೆ ನೆಲದ ನೀರು ಮೇಲೆ ಬಂತು. ಜೌಗು ನೆಲದಲ್ಲಿ ಹಗೇವು ತೋಡಿದರೆ ಅದು ಬಾವಿ! ಮಳೆ ನಂಬಿದ ಎರೆಸೀಮೆಯಲ್ಲಿ ಮಾತ್ರ ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿವೆ.

ಕಾಯ್ದೆಯ ವಿಷಯ ಬೇಗ ಹೇಳಿಬಿಡುತ್ತೇನೆ. 1958ರ ಕೇಂದ್ರ ಕಾಯ್ದೆಯ ಪ್ರಕಾರ ಪ್ರಾಚೀನ ಸ್ಮಾರಕ ಅನ್ನಿಸಿಕೊಳ್ಳಲು ಕನಿಷ್ಠ 100 ವರ್ಷ ಆಗಿರಬೇಕು. ಈ ಮನೆಗೆ ಎಷ್ಟು ವರ್ಷ? ಗೋಡೆ ಮುತ್ತಜ್ಜನದು. ಹಿಂದಿನ ಖೋಲಿ ಅಜ್ಜನ ತಮ್ಮ ಮದುವೆಯಾದಾಗ ಬಂದದ್ದು. ಮಾಳಿಗೆ ಮಣ್ಣು ಹೋದ ವರ್ಷದ್ದು. ಯಾವುದಕ್ಕೆ ಫಲಕ ಹಾಕೋಣ?

ಫಲಕ ಹಾಕಿ ಬೀಗ ಜಡಿದರೂ ಮೂರನೇ ಮಳೆಗಾಲಕ್ಕೆ ಇದು ಬೀಳುತ್ತದೆ. ಕಲ್ಲಿನ ಗುಡಿಯನ್ನು ಮುಟ್ಟದೆ ಕಾಯಬಹುದು. ಮಣ್ಣಿನ ಮನೆಯನ್ನು ಮುಟ್ಟುತ್ತಲೇ ಇರಬೇಕು. ಕರಲು ಮಣ್ಣು ಎಲ್ಲಿ ಸಿಗುತ್ತದೆ, ಎಷ್ಟು ದಪ್ಪ ಹಾಕಬೇಕು, ನೀರು ಯಾವ ಕಡೆ ಇಳಿಯಬೇಕು ಅಂತ ಗೊತ್ತಿರುವವರು ಆ ಮನೆಯಲ್ಲಿ ಈಗ ಒಬ್ಬರೇ, ಯಜಮಾನರು. ಮಕ್ಕಳಿಗೆ ಆರ್‌ಸಿಸಿ ಮನೆ ಬೇಕು. ಅವರನ್ನು ನಾನು ಬೈಯುವುದಿಲ್ಲ. ಸೋರುವ ಮನೆಯಲ್ಲಿ ಮಲಗುವವರು ಅವರು, ನಾನಲ್ಲ ಅಲ್ವಾ?

ರೋಹಿಣಿ ಮಳೆಗೆ ಮುಂಚೆ ಅವರು ಮಾಳಿಗೆಗೆ ಮಣ್ಣು ಹಾಕುತ್ತಾರೆ. ಆಳು ಸಿಗುತ್ತಿಲ್ಲವಂತೆ. ನಾನು ಹೋಗುತ್ತಿದ್ದೇನೆ. ಬರುವವರು ಹೆಸರು ಕೊಡಿ, ಬುಟ್ಟಿ ನೀವೇ ತರಬೇಕು.