ದ್ವೀಪದ ರೂಮು ಬುಕ್ ಮಾಡೂ ಮೊದಲ ಡೈವ್ ಸೆಂಟರಿಗೆ ಫೋನ್ ಹಚ್ಚ್ರಿ

ನಮಸ್ಕಾರ್ರಿ. ಸ್ಕೂಬಾ ಡೈವಿಂಗ್ ಸಲುವಾಗಿ ಹುಬ್ಬಳ್ಳಿ-ಧಾರವಾಡದಿಂದ ಮಾಲ್ಡೀವ್ಸಿಗೋ ಲಕ್ಷದ್ವೀಪಕ್ಕೋ ಹೊಂಟವರು ಮೊದಲ ನೋಡೂದು ರೂಮಿನ ಫೋಟೋ. ನೀರಿನ ಮ್ಯಾಲೆ ಕಟ್ಟಿದ ಕಟಗಿ ಮನಿ, ಬಾಗಲದಿಂದ ಸೀದಾ ಸಮುದ್ರಕ್ಕ ಇಳಿಯೂ ಮೆಟ್ಟಲಾ. ಅದಕ್ಕ ರೊಕ್ಕ ಕಟ್ಟಿ, ಡೈವಿಂಗ್ ವಿಚಾರ ಅಲ್ಲಿ ಹೋಗಿ ನೋಡಿದ್ರಾತು ಅಂತ ಬಿಡತಾರ. ಈ ಲೆಕ್ಕ ತಪ್ಪು ಅದ. ರೂಮು ಕಡೀಕ ನೋಡ್ರಿ.

ಹುಬ್ಬಳ್ಳಿ ದುರ್ಗದಬೈಲಿನ್ಯಾಗ ಒಂದ ಅಂಗಡ್ಯಾಗ ಮಾಲು ಸರಿ ಅನಸಲಿಲ್ಲಂದ್ರ ನಾಕ ಹೆಜ್ಜಿ ಮುಂದ ಇನ್ನೊಂದ ಅಂಗಡಿ ಅದ. ಮಾಲ್ಡೀವ್ಸಿನ್ಯಾಗ ಒಂದ ರೆಸಾರ್ಟ್ ಅಂದ್ರ ಸಾಧಾರಣ ಒಂದ ಇಡೀ ದ್ವೀಪ, ಅದರಾಗ ಡೈವ್ ಸೆಂಟರ್ ಒಂದ. ಅವರದ ಗಾಳಿ ಟ್ಯಾಂಕು, ಅವರದ ದೋಣಿ, ಅವರದ ಗೈಡ್. ಇಳದ ಮ್ಯಾಲೆ ಬದಲಿ ಮಾಡಲಿಕ್ಕೆ ದಾರಿ ಇಲ್ಲ. ಅದಕ್ಕ ಕೇಳೂದೆಲ್ಲಾ ಮನ್ಯಾಗ ಕೂತ ಕೇಳಬೇಕು.

ಮೊದಲ ಕೆಲಸಕ್ಕ ಫೋನೂ ಬ್ಯಾಡ. ಪರದೆ ಮ್ಯಾಲೆ ನೀವು ಹೊಂಟ ದ್ವೀಪದ ಉಪಗ್ರಹ ನಕ್ಷೆ ತಗದು ನೋಡ್ರಿ. ದ್ವೀಪದ ಸುತ್ತ ತೆಳು ಹಸರು-ನೀಲಿ ಬಣ್ಣ ಕಾಣತದಲ್ಲ, ಅದು ಆಳ ಇಲ್ಲದ ನೀರು. ಅದರಾಚೆ ಕಂದು ಪಟ್ಟಿ, ಅದು ಹವಳದ ದಿಬ್ಬ, ಅಂದ್ರ ರೀಫ್. ಪಟ್ಟಿ ಮುಗದಲ್ಲಿ ಒಮ್ಮೆಲೆ ಕಡುನೀಲಿ ಆಗತದ, ಅಲ್ಲಿ ಗ್ವಾಡಿ ಹಂಗ ಕೆಳಗ ಇಳದದ. ಡೈವರಿಗೆ ಬೇಕಾದದ್ದು ಆ ಅಂಚು. ನಕ್ಷೆಯೊಳಗಿನ ಅಳತಿಪಟ್ಟಿ ಹಿಡದು ದಂಡಿಯಿಂದ ಅಂಚಿನ ತನಕ ಅಳೀರಿ. 50-60 ಮೀಟರ್ ಇದ್ರ, ಟ್ಯಾಂಕ್ ಹಾಕ್ಕೊಂಡು ದಂಡಿಯಿಂದನ ಹೋಗಿ ಬರಬಹುದು. ಇದನ್ನ ಹೌಸ್ ರೀಫ್ ಅಂತಾರ. 300-400 ಮೀಟರ್ ಇದ್ರ ಹುಡುಗರಿಗೆ ಆಟ ಆಡಲಿಕ್ಕೆ ಚಲೋ ಜಾಗ, ಆದ್ರ ಪ್ರತಿ ಡೈವಿಗೂ ದೋಣಿ ಬೇಕು, ದೋಣಿ ಬಾಡಗಿ ಹೆಚ್ಚಾಗಿ ಬ್ಯಾರೆನ ಹಚ್ಚತಾರ. ನೀರಮನಿ ಸಾಲಾಗಿ ಕಟ್ಟೂದು ಭಾಳ ಸಲ ಇಂಥಾ ಆಳ ಇಲ್ಲದ ಕಡೆನ. ಫೋಟೋದಾಗ ಎಲ್ಲಕ್ಕಿಂತ ಛಂದ ಕಾಣೂ ರೂಮು ಡೈವರಿಗೆ ಎಲ್ಲಕ್ಕಿಂತ ದೂರ ಬೀಳೂದು ಹಿಂಗ.

ಇನ್ನ ಫೋನಿನ್ಯಾಗ ಕೇಳೂದು. ಒಬ್ಬ ಗೈಡಿಗೆ ಎಷ್ಟ ಮಂದಿ? ಸರ್ಟಿಫಿಕೇಟ್ ಇದ್ದವರಾದ್ರ ನಾಕ ಮಂದಿ ಒಪ್ಪಬಹುದು, ಮೊದಲ ಸಲ ಇಳಿಯೂವರಿಗೆ ಒಬ್ಬರಿಗೊಬ್ಬರು ಬೇಕು. ಇಬ್ಬರ ಇದ್ರೂ ದೋಣಿ ಬಿಡ್ತೀರೇನು? ಇದನ್ನ ಕೇಳೂದ ಮರೀಬ್ಯಾಡ್ರಿ. ಮಂದಿ ಕಡಿಮಿ ಇದ್ದಾಗ "ಇನ್ನಿಬ್ಬರು ಬರಲಿ" ಅಂತ ಎರಡೆರಡ ದಿನ ಕೂಡಸತಾರ. ಆಕ್ಸಿಜನ್ ಕಿಟ್ ದೋಣ್ಯಾಗ ಇರತದೋ, ಆಫೀಸಿನ್ಯಾಗೋ? ದೋಣ್ಯಾಗ ಇರಬೇಕು. ಹತ್ತರದ ರಿಕಂಪ್ರೆಷನ್ ಚೇಂಬರ್ (ಡೈವಿನಿಂದ ಮೈಯಾಗ ಗುಳ್ಳಿ ಕಟ್ಟಿದವರಿಗೆ ಒತ್ತಡದ ಗಾಳ್ಯಾಗ ಉಪಚಾರ ಮಾಡೂ ಕೋಣಿ) ಎಲ್ಲದ, ಅಲ್ಲಿಗೆ ಹೋಗಲಿಕ್ಕೆ ಎಷ್ಟ ತಾಸು? ಕಡೀಕ, 2024ರ ನಂತರ ತಗದ ರೀಫಿನ ಫೋಟೋ ಕಳಸ್ರಿ ಅನ್ರಿ. 2016ರಾಗ ಮತ್ತ 2024ರಾಗ ಸಮುದ್ರದ ನೀರು ಕಾದು ಲಕ್ಷದ್ವೀಪ, ಮಾಲ್ಡೀವ್ಸ್ ಎರಡೂ ಕಡೆ ಹವಳ ಬೆಳ್ಳಗಾತು. ಹಳೇ ಫೋಟೋ ನಂಬಿ ಹೋದ್ರ ನೋಡಲಿಕ್ಕೆ ಸಿಗೂದು ಸತ್ತ ಹವಳದ ಬೂದಿಬಣ್ಣದ ಕಲ್ಲು.

ದರದ ವಿಷಯ. ಮಾಲ್ಡೀವ್ಸಿನ ದರದ ಮುಂದ ಎರಡು ಪ್ಲಸ್ ಗುರುತು ಇದ್ರ ಅದು ಪೂರಾ ದರ ಅಲ್ಲ. ರಾತ್ರಿಗೆ 200 ಡಾಲರ್ ಅಂತ ಹಿಡೀರಿ. 10% ಸೇವಾ ಶುಲ್ಕ ಸೇರಿ 220. ಅದರ ಮ್ಯಾಲೆ 17% ಪ್ರವಾಸಿ ತೆರಗಿ ಸೇರಿ 257 ದಾಟತದ. ರೆಸಾರ್ಟಿನ್ಯಾಗ ಹಸಿರು ತೆರಗಿ ಒಬ್ಬರಿಗೆ ದಿನಕ್ಕ 12 ಡಾಲರ್, ಗಂಡ-ಹೆಂಡತಿಗೆ 24. ಒಟ್ಟ 281. ಡೈವಿಂಗ್ ಇನ್ನೂ ಶುರುನ ಆಗಿಲ್ಲ! ಡೈವಿಂಗಿಗಂತನ ಹೊಂಟವರು ಧಿಗುರಾದಂಥ ಜನವಸತಿ ದ್ವೀಪದ ಗೆಸ್ಟ್‌ಹೌಸಿನ್ಯಾಗ ಇರೂದು ವಾಸಿ. ತಿಮಿಂಗಿಲ ಶಾರ್ಕ್ ಕಾಣೂ ದಕ್ಷಿಣ ಆರಿ ಅನ್ನೂ ಹವಳದ್ವೀಪದ ಗುಂಪು ಅಲ್ಲೇ ಅದ, ಉಳದ ರೊಕ್ಕ ಡೈವಿಗೆ ಹಾಕಬಹುದು.

ದಿನದ ಲೆಕ್ಕದಾಗ ಎಲ್ಲಾರೂ ಎಡವತಾರ. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಅನ್ನೂ ಡೈವರುಗಳ ಸುರಕ್ಷತಾ ಸಂಸ್ಥೆ ಹೇಳೂ ಪ್ರಕಾರ ಒಂದ ಡೈವ್ ಆದ್ರ ಕಡಿಮಿ ಅಂದ್ರ 12 ತಾಸು, ಒಂದಕ್ಕಿಂತ ಹೆಚ್ಚಾದ್ರ 18 ತಾಸು ವಿಮಾನ ಹತ್ತಬಾರದು. ಮಾಲೆಯಿಂದ ದ್ವೀಪಕ್ಕ ಒಯ್ಯೂ, ನೀರಿನ ಮ್ಯಾಲೆ ಇಳಿಯೂ ಸೀಪ್ಲೇನೂ ವಿಮಾನನ. ಮೂರು ರಾತ್ರಿ ಪ್ಯಾಕೇಜಿನ್ಯಾಗ ಮೊದಲ ದಿನ ಪ್ರಯಾಣಕ್ಕ ಹೋತು. ಎರಡನೇ ದಿನ ಎರಡು ಡೈವ್, ಮೂರನೇ ದಿನ ಮುಂಜಾನೆ ಎರಡು, ಅಲ್ಲಿಗೆ ಮುಗೀತು. ಅದ ಐದು ರಾತ್ರಿ ಆದ್ರ ಎಂಟು ಡೈವ್ ಆಗತಾವ. ಸೀಪ್ಲೇನ್ ಹಗಲಿನ್ಯಾಗ ಅಷ್ಟ ಹಾರತದ; ಬೆಂಗಳೂರಿಂದ ಸಂಜಿಮುಂದ ಮಾಲೆಗೆ ಇಳದ್ರ ಆ ರಾತ್ರಿ ಅಲ್ಲೇ ಕಳೀಬೇಕು.

ಈ ನಿಯಮ ನಮ್ಮ ಕಡಿಯವರಿಗೆ ರಸ್ತೆ ಮ್ಯಾಲೂ ಲಾಗು ಅದ. ಮುರ್ಡೇಶ್ವರದಿಂದ ದೋಣ್ಯಾಗ ಹೋಗಿ ನೇತ್ರಾಣಿ ದ್ವೀಪದ ಹತ್ತರ ಡೈವ್ ಮಾಡಿ, ಅವತ್ತ ಸಂಜಿಕ ಗಾಡಿ ಹತ್ತಿ ಅಂಕೋಲಾ, ಅರಬೈಲ್ ಘಾಟ್, ಯಲ್ಲಾಪುರ ಮ್ಯಾಲೆ ಹಾದು ಮನಿ ಮುಟ್ಟಬೇಕಂತಾರ. ಆ ನಿಯಮ ಬರೂದು ಸುಮಾರು 600 ಮೀಟರಿಗಿಂತ ಮ್ಯಾಲಿನ ಎತ್ತರಕ್ಕ. ಹುಬ್ಬಳ್ಳಿನ ಅದಕ್ಕಿಂತ ಎತ್ತರ, ಧಾರವಾಡ ಇನ್ನೂ ಮ್ಯಾಲೆ. ನೀರಿನ ಒತ್ತಡಕ್ಕ ರಕ್ತದಾಗ, ಕೀಲಿನ್ಯಾಗ ಕರಗಿದ ಸಾರಜನಕ ಹೊರಗ ಬರಲಿಕ್ಕೆ ಹೊತ್ತು ಬೇಕು. ಅದರೊಳಗ ಘಾಟ್ ಏರಿದ್ರ ಗಾಳಿ ಒತ್ತಡ ಕಡಿಮಿ ಆಗಿ ಅದು ಗುಳ್ಳಿ ಕಟ್ಟತದ. ಕೀಲುನೋವು, ಜೋಮು, ಚರ್ಮದ ಮ್ಯಾಲೆ ಕಲಿ, ಇವೆಲ್ಲಾ ಅದರದ ಲಕ್ಷಣ. ಎರಡು ಡೈವ್ ಮಧ್ಯಾಹ್ನ ಒಂದಕ್ಕ ಮುಗದ್ರ, ಮುರ್ಡೇಶ್ವರ ಬಿಡೂದು ಮರದಿನ ಮುಂಜಾನೆ ಏಳರ ಮ್ಯಾಲೆ. ಒಂದ ರಾತ್ರಿ ಲಾಡ್ಜಿನ ರೊಕ್ಕ ಉಳಸಲಿಕ್ಕೆ ಹೋಗಬ್ಯಾಡ್ರಿ, ದಯವಿಟ್ಟು.

ಹಂಗಂತ ನೇತ್ರಾಣಿ ಬಿಡಬ್ಯಾಡ್ರಿ. ಲಕ್ಷಗಟ್ಟಲೆ ಖರ್ಚು ಮಾಡೂ ಮೊದಲ, ಮಳಿಗಾಲ ಮುಗದ ಮ್ಯಾಲೆ ಅಲ್ಲೊಂದ ಟ್ರಯಲ್ ಡೈವ್ ಮಾಡಿದ್ರ ನಿಮ್ಮ ಕಿವಿ ಆಳಕ್ಕ ಒಗ್ಗತದೋ ಇಲ್ಲೋ ತಿಳೀತದ. ಕಿವಿ ಒಗ್ಗಸೂದಂದ್ರ ಮೂಗು ಹಿಡದು ಮೆಲ್ಲಕ ಊದೂದು, ಒಂದೊಂದ ಮೀಟರಿಗೊಮ್ಮೆ, ನೋವು ಬರೂ ಮೊದಲ. ನೋವು ಬಂದ ಮ್ಯಾಲೆ ಜೋರಾಗಿ ಊದಿದ್ರ ಪೊರೆ ಹರೀತದ. ನೆಗಡಿ ಇದ್ರ ಇಳೀಬ್ಯಾಡ್ರಿ.

ಎಲ್ಲೇ ಇಳೀರಿ, ದೋಣ್ಯಾಗ ಒಂದ ಪರೀಕ್ಷಾ ನೀವ ಮಾಡ್ರಿ. ಟ್ಯಾಂಕಿನ ವಾಲ್ವ್ ತಿರುವಿ ತೆರದು, ಒತ್ತಡದ ಮುಳ್ಳು 200 ಬಾರ್ ಆಸುಪಾಸು ನಿಂತದೇನು ನೋಡ್ರಿ. ಈಗ ಮುಳ್ಳಿನ ಮ್ಯಾಲೆ ಕಣ್ಣಿಟ್ಟು ಬಾಯಾಗ ಹಿಡದು ಉಸಿರಾಡೂ ರೆಗ್ಯುಲೇಟರಿನಿಂದ ನಾಕೈದು ಸಲ ಜೋರಾಗಿ ಉಸಿರು ಎಳೀರಿ. ಮುಳ್ಳು ಅಲುಗಾಡಬಾರದು. ಎಳದಾಗ ಕೆಳಗ ಬಿದ್ದು ಮತ್ತ ಮ್ಯಾಲೆ ಬಂದ್ರ ವಾಲ್ವ್ ಪೂರಾ ತೆರದಿಲ್ಲ. ಮ್ಯಾಲೆ ಸರಿ ಅನಸಿದ್ದು ಹದಿನೈದು ಮೀಟರ್ ಕೆಳಗ ಗಾಳಿ ಸಾಲದಂಗ ಆಗತದ. ಗಾಳಿಗೆ ಎಣ್ಣಿ ಅಥವಾ ಹೊಗಿ ವಾಸನಿ ಬಂದ್ರ ಆ ಟ್ಯಾಂಕ್ ಬ್ಯಾಡ ಅನ್ರಿ. ತುಂಬೂ ಕಂಪ್ರೆಸರ್ ಇಂಜಿನ್ ಹೊಗಿ ಎಳಕೊಂಡಿರಬಹುದು. ಅದರಾಗ ಬರೂ ಕಾರ್ಬನ್ ಮೊನಾಕ್ಸೈಡಿಗೆ ತನ್ನದಂತ ವಾಸನಿನ ಇಲ್ಲ.

ಇನ್ನೊಂದ ಕಾಗದ ಅದ. ಇಳಿಯೂ ಮೊದಲ ಆರೋಗ್ಯದ ಫಾರ್ಮ್ ತುಂಬಸತಾರ. ಅಸ್ತಮಾ, ಬಿಪಿ, ಎದಿ ತ್ರಾಸು, ಕಿವಿ ಆಪರೇಷನ್ ಇದ್ದವರು "ಹೌದು" ಅಂತ ಬರದ್ರ ಡಾಕ್ಟರ್ ಸಹಿ ಇಲ್ಲದ ನೀರಿಗೆ ಬಿಡೂದಿಲ್ಲ, ಬಿಡಲೂಬಾರದು. ಸಣ್ಣ ದ್ವೀಪದಾಗ ಆ ಸಹಿಗೆ ಡಾಕ್ಟರ್ ಸಿಗೂದ ಕಠಿಣ, ಸಿಗಲಿಲ್ಲಂತ "ಇಲ್ಲ" ಅಂತ ಸುಳ್ಳ ಬರದವರ ಜೀವಕ್ಕ ಕುತ್ತು. ಬುಕ್ ಮಾಡೂ ಮೊದಲ ಆ ಫಾರ್ಮ್ ತರಿಸಿಕೊಂಡು ನಿಮ್ಮ ಡಾಕ್ಟರಿಗೆ ತೋರಸ್ರಿ. ಅವರು ಬ್ಯಾಡ ಅಂದ್ರ ಇನ್ನೂ ರೊಕ್ಕ ಕಟ್ಟಿರೂದಿಲ್ಲ.