ಗ್ರೌಂಡಿಗೆ ಬೀಗ ಹಾಕಿದರೆ ಮಕ್ಕಳು ಎಲ್ಲಿ ಆಡಬೇಕು? | ಸ್ಯಾನ್ ಹೊಸೆ ವ್ಲಾಗ್

ನಮಸ್ಕಾರ. ಇವತ್ತು ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯ ಪೂರ್ವ ಭಾಗ, ಕಿಂಗ್ ರೋಡ್, ಸ್ಟೋರಿ ರೋಡ್ ಸೇರುವ ಕಡೆ ಬಂದಿದ್ದೇನೆ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಈ ಬೇ ಏರಿಯಾದಲ್ಲಿ ಇಷ್ಟು ಜನ ಕನ್ನಡಿಗರಿದ್ದೇವೆ, ಈ ಕಡೆ ಬರುವವರು ಕಡಿಮೆ. ಇಲ್ಲಿ ಜಾಸ್ತಿ ಮೆಕ್ಸಿಕೋ ಮೂಲದ ಕುಟುಂಬಗಳು.

ಅಂಗಡಿ ನೋಡಿ. ಪಿಂಟೊ ಬೀನ್ಸ್, ಮೆಕ್ಕೆಜೋಳದ ಟೋರ್ಟಿಯಾ ರೊಟ್ಟಿ, ಮುಳ್ಳು ತೆಗೆದ ಪಾಪಸುಕಳ್ಳಿ. ಇದು ಒಳ್ಳೆಯ ಊಟ. ಲ್ಯಾಟಿನೊ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ ಮಕ್ಕಳು ದಪ್ಪ ಆಗುವುದಕ್ಕೆ ಅಮ್ಮನ ಅಡುಗೆ ಕಾರಣ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಆ ಫ್ರಿಜ್ ಕಡೆ ನೋಡಿ. 355 ಮಿಲಿ ಕೋಕ್ ಕ್ಯಾನಿನಲ್ಲಿ 39 ಗ್ರಾಂ ಸಕ್ಕರೆ. ಮಕ್ಕಳಿಗೆ ಮೇಲಿಂದ ಸೇರಿಸಿದ ಸಕ್ಕರೆ ದಿನಕ್ಕೆ 25 ಗ್ರಾಂ ದಾಟಬಾರದು ಅಂತ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೇಳುತ್ತದೆ. ಒಂದೇ ಕ್ಯಾನಿಗೆ ಲೆಕ್ಕ ಮುಗಿಯಿತು.

ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿಯ 2017ರಿಂದ 2020ರ ಅಂಕಿ ಪ್ರಕಾರ, 2ರಿಂದ 19 ವರ್ಷದ ಲ್ಯಾಟಿನೊ ಮಕ್ಕಳಲ್ಲಿ ಶೇ. 26.2ರಷ್ಟು ಮಂದಿಗೆ ಬೊಜ್ಜು. ಬಿಳಿಯರ ಮಕ್ಕಳಲ್ಲಿ ಶೇ. 16.6.

ಈಗ ಗ್ರೌಂಡ್. ನನಗೆ ಸಿಟ್ಟು ಬಂದಿರುವುದು ಇಲ್ಲೇ. ಬೇಲಿ ನೋಡಿ, ಎರಡಾಳು ಎತ್ತರ. ಒಳಗೆ ಹಸಿರು ಹುಲ್ಲು, ಎರಡು ಗೋಲ್‌ಪೋಸ್ಟ್. ಗೇಟಿಗೆ ಸರಪಳಿ, ಬೀಗ. ಇನ್ನೂ ಬೆಳಕಿದೆ! ಹೊರಗೆ ಹುಡುಗರು ಬಾಲ್ ಹಿಡಿದುಕೊಂಡು ನಿಂತಿದ್ದಾರೆ. ಮುಖ ತೋರಿಸುವುದಿಲ್ಲ, ಚಿಕ್ಕವರು. ಸಂಜೆ ಹೀಗೇ ಬೀಗ ಬೀಳುತ್ತದಂತೆ. ಸಮೀಪದ ಬಾಡಿಗೆ ಟರ್ಫ್‌ಗೆ ಫೋನ್ ಮಾಡಿ ಕೇಳಿದೆ, ಗಂಟೆಗೆ ನೂರು ಡಾಲರ್ ಮೇಲೆ ಹೇಳಿದರು. ಈ ಮಕ್ಕಳು ಎಲ್ಲಿಂದ ತರಬೇಕು? ದಿನಕ್ಕೆ 60 ನಿಮಿಷ ಮೈ ಬಗ್ಗಿಸಿ ಆಡಿ ಅಂತ ಸರ್ಕಾರವೇ ಹೇಳುತ್ತದೆ. ಹುಲ್ಲಿಗೆ ನೀರು ಹಾಕುವುದಕ್ಕೆ ದುಡ್ಡಿದೆ, ಇನ್ನೆರಡು ಗಂಟೆ ಗೇಟ್ ತೆಗೆದಿಡುವುದಕ್ಕೆ ಇಲ್ವಾ?

ಫೋನ್ ಚಟವೇ ಇದಕ್ಕೆಲ್ಲ ಮೂಲ... ಇಲ್ಲ, ಹಾಗೆ ಹೇಳಿದರೆ ಅನ್ಯಾಯ. ಅಪ್ಪ ಅಮ್ಮ ಇಬ್ಬರೂ ಸಂಜೆ ಶಿಫ್ಟ್, ಗ್ರೌಂಡಿಗೆ ಬೀಗ. ಕೈಗೆ ಸಿಗುವುದು ಫೋನ್ ಒಂದೇ. ರಾತ್ರಿ ಊಟಕ್ಕೆ ಹೊತ್ತು ಗೊತ್ತಿಲ್ಲ, ಮಲಗುವುದಕ್ಕೂ ಹೊತ್ತು ಗೊತ್ತಿಲ್ಲ. ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ನಿದ್ದೆ ಕೆಟ್ಟರೆ ಹಸಿವೂ ಜಾಸ್ತಿ, ಸಿಹಿ ಬೇಕು ಅನ್ನಿಸುವುದೂ ಜಾಸ್ತಿ.

ಕ್ಯಾಲಿಫೋರ್ನಿಯಾ ಒಂದು ಒಳ್ಳೆಯ ಕೆಲಸ ಮಾಡಿದೆ. 2022ರ ಜುಲೈಯಿಂದ ಹೈಸ್ಕೂಲುಗಳು ಬೆಳಗ್ಗೆ 8:30ಕ್ಕಿಂತ ಮೊದಲು ಶುರು ಆಗುವಂತಿಲ್ಲ, ಹಳ್ಳಿಗಾಡಿನ ಶಾಲೆಗಳನ್ನು ಬಿಟ್ಟು. ಅದೇ ವರ್ಷದಿಂದ ಸರ್ಕಾರಿ ಶಾಲೆಯ ಎಲ್ಲ ಮಕ್ಕಳಿಗೂ ತಿಂಡಿ, ಮಧ್ಯಾಹ್ನದ ಊಟ ಉಚಿತ. ನಮ್ಮ ಬಿಸಿಯೂಟ ನೆನಪಾಗುತ್ತದೆ ಅಲ್ವಾ? ನನ್ನ ಶಾಲೆಯಲ್ಲಿ ಸಾಂಬಾರು ಬಡಿಸುತ್ತಿದ್ದ ಅಕ್ಕ ಇನ್ನೊಂದು ಸೌಟು ಹಾಕಿಯೇ ಮುಂದೆ ಹೋಗುತ್ತಿದ್ದರು...

ಅಯ್ಯೋ, ಬಸ್ ಬಂತು. ಗೇಟಿನ ಮೇಲೆ ಒಂದು ನಂಬರ್ ಇತ್ತು, ಬರೆದುಕೊಂಡಿದ್ದೇನೆ. ಸೋಮವಾರ ಫೋನ್ ಮಾಡಿ ಕೇಳುತ್ತೇನೆ. ಏನು ಹೇಳಿದರು ಅಂತ ಮುಂದಿನ ವಿಡಿಯೋದಲ್ಲಿ ತಿಳಿಸುತ್ತೇನೆ.