ಪರ್ಸಿನೊಳಗಿನ ಸಾಕ್ಷಿ

ಕೇಳುಗರೇ, ನಮಸ್ಕಾರ.

ಇವತ್ತಿನ ಮಾತು ಒಂದು ಪರ್ಸಿನಿಂದ ಶುರು. ಬಸ್ ಸ್ಟ್ಯಾಂಡಿನಲ್ಲಿ ಗಿರಾಕಿಗೆ ಕಾಯುವ ಹೆಂಗಸಿನ ಪರ್ಸು. ಒಳಗೆ ಬಾಚಣಿಗೆ, ಮನೆ ಕೀಲಿ, ತಲೆನೋವಿನ ಮಾತ್ರೆ, ನಾಲ್ಕು ಕಾಂಡೋಮ್. ಪುಕ್ಕಟೆ ಕೊಟ್ಟಿದ್ದು ಏಡ್ಸ್ ತಡೆಯುವ ಸರ್ಕಾರಿ ಯೋಜನೆ. ತಪ್ಪದೆ ಬಳಸಿ ಎಂದು ಹೇಳಿಕೊಟ್ಟಿದ್ದೂ ಅದೇ. ಸಂಜೆ ಪೊಲೀಸರು ಪರ್ಸು ಸುರುವಿದರೆ ಆ ನಾಲ್ಕೇ ಸಾಕ್ಷಿ. ಹಂಚಿದ್ದೂ ಸರ್ಕಾರ, ಹಿಡಿದದ್ದೂ ಸರ್ಕಾರ! ಕಾಂಡೋಮನ್ನು ಅಪರಾಧದ ಸಾಕ್ಷಿ ಮಾಡಕೂಡದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರ ಮೇ 19ರಂದು. ಅಷ್ಟು ತಡವಾಗಿ.

ನಮ್ಮಲ್ಲಿ ಮೈಮಾರಿ ದುಡಿಯುವುದೇ ಅಪರಾಧ ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ ಹಿಡಿಯುವುದು ಸುತ್ತಲಿನದನ್ನು. ರಸ್ತೆಯಲ್ಲಿ ಗಿರಾಕಿಯನ್ನು ಕರೆದರೆ ತಪ್ಪು. ಒಬ್ಬಳೇ ಇದ್ದರೆ ಭಯ ಅಂತ ಇಬ್ಬರು ಸೇರಿ ಮನೆ ಹಿಡಿದು ದಂಧೆ ಮಾಡಿದರೆ, ಆ ಮನೆ ವೇಶ್ಯಾಗೃಹ. ಮಗನಿಗೆ ಹದಿನೆಂಟು ತುಂಬಿತು, ಅಮ್ಮನ ದುಡ್ಡು ಎಲ್ಲಿಂದ ಬರುತ್ತೆ ಅಂತ ಗೊತ್ತಿದ್ದೂ ಅದರಲ್ಲೇ ಕಾಲೇಜು ಫೀಸು ಕಟ್ಟಿದ. ಅವನ ಮೇಲೂ ಕೇಸು ಹಾಕಬಹುದು. ಹೆಂಗಸರನ್ನು ಕಾಪಾಡುವ ಕಾಯ್ದೆ ಇದು, ನೆನಪಿರಲಿ.

ಇನ್ನು ಹೆಸರಿನ ವಿಷಯ. ನಮ್ಮ ಸರ್ಕಾರಿ ಕಾಗದದಲ್ಲಿ ಇವರು ‘ದಮನಿತ ಮಹಿಳೆಯರು’. ಹೆಸರಿಡುವಾಗ ಅವರನ್ನು ಯಾರು ಕೇಳಿದ್ದರೋ ಕಾಣೆ. ಅವರವರ ನಡುವೆ ‘ಕೆಲಸ’ ಅಂತಾರೆ, ಇಲ್ಲಾ ‘ದಂಧೆ’. ಬಾಡಿಗೆ, ರೇಷನ್, ಮಕ್ಕಳ ಫೀಸು ಎಲ್ಲಾ ಅದರಿಂದಲೇ ನಡೆಯಬೇಕು ಅಲ್ವಾ? ಕೆಲಸವನ್ನು ಕೆಲಸ ಅನ್ನೋದರಲ್ಲಿ ನನಗೇನೂ ತಪ್ಪು ಕಾಣುವುದಿಲ್ಲ.

ಹಾಗಾದರೆ ಬಲವಂತದಿಂದ ತಂದವರು, ಎಳೆಯ ಹುಡುಗಿಯರು? ನ್ಯಾಯವಾದ ಪ್ರಶ್ನೆ. ಕೋಲ್ಕತ್ತದ ಸೋನಾಗಾಛಿ ಈ ದಂಧೆಯ ಹೆಸರಾಂತ ಗಲ್ಲಿ. ಅಲ್ಲಿ ಇವರದೇ ಸಂಘಟನೆಯಾದ ‘ದುರ್ಬಾರ್’ನ ಹೆಂಗಸರೇ ಮಂಡಳಿ ಕಟ್ಟಿಕೊಂಡು, ಹೊಸದಾಗಿ ಬಂದವಳ ವಯಸ್ಸೇನು, ಒಪ್ಪಿ ಬಂದಳಾ ಅಂತ ವಿಚಾರಿಸುತ್ತಾರೆ. ಗಲ್ಲಿಗೆ ಹೊಸಬಳು ಬಂದ ಸುದ್ದಿ ಪಕ್ಕದ ಬಾಗಿಲಿನವಳಿಗೆ ಮೊದಲು ಗೊತ್ತಾಗುತ್ತೆ, ಠಾಣೆಗಲ್ಲ.

ಮೈಸೂರಿನಲ್ಲಿ ಇಂಥ ಗಲ್ಲಿಯೇ ಇಲ್ಲ. ಬಸ್ ಸ್ಟ್ಯಾಂಡು, ಲಾಡ್ಜು, ಫೋನು, ಇಷ್ಟೇ. ಅಲ್ಲಿ 2005ರಲ್ಲಿ ಇವರದೇ ಸಂಘಟನೆಯಾದ ಆಶೋದಯ ಸಮಿತಿ ಹುಟ್ಟಿತು. ಕ್ಲಿನಿಕ್ಕಿಗೆ ಬರಲು ಅಂಜುವವಳ ಹತ್ತಿರ ಹೋಗಿ ಮಾತಾಡುವುದು ಅದೇ ಕೆಲಸದ ಇನ್ನೊಬ್ಬ ಹೆಂಗಸು. ಬಿಳಿ ಕೋಟಿನವರ ಮುಂದೆ ಬಿಡದ ಬಾಯಿ ಅವಳ ಮುಂದೆ ಬಿಡುತ್ತೆ.

ಸುಪ್ರೀಂ ಕೋರ್ಟು ನೇಮಿಸಿದ್ದ ಸಮಿತಿಯೂ, ಇವರ ಬಗ್ಗೆ ನೀತಿ ಮಾಡುವಾಗ ಇವರನ್ನೂ ಜೊತೆಗೆ ಕೂರಿಸಿಕೊಳ್ಳಿ ಎಂದು ಶಿಫಾರಸು ಮಾಡಿತ್ತು. ಮುಂದಿನ ಸಲ ಇಂಥ ಸಭೆಯ ಫೋಟೋ ಪೇಪರಿನಲ್ಲಿ ಬಂದರೆ, ಸುಮ್ನೆ ಒಮ್ಮೆ ಕುರ್ಚಿಗಳನ್ನು ನೋಡಿ. ಯಾರು ಕೂತಿದ್ದಾರೆ ಅಂತ.

ನಮಸ್ಕಾರ.